ಅಬ್ಬಾರ ಸೀದಾ ಕೈ

ನಮ್ಮ ಮನೆಯಲ್ಲಿ ಬಲಗೈಯನ್ನು ಯಾರೂ ಬಲಗೈ ಎಂದು ಕರೆಯುತ್ತಿರಲಿಲ್ಲ. 'ಸೀದಾ ಹಾತ್' ಎನ್ನುತ್ತಿದ್ದರು. ಅಂದರೆ ನೇರವಾದ ಕೈ, ಸರಿಯಾದ ಕೈ. ಎಡಗೈ 'ಉಲ್ಟಾ ಹಾತ್'. ಅಂದರೆ ತಿರುವುಮುರುವಾದ ಕೈ. ನಾವು ಹುಟ್ಟಿನಿಂದ ಎಡಚರು. ಹೀಗಾಗಿ ನಮಗೆ ಬುದ್ಧಿ ಬರುವ ಮುಂಚೆಯೇ ನಮ್ಮ ಎರಡು ಕೈಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ತೀರ್ಮಾನವಾಗಿಬಿಟ್ಟಿತ್ತು. ಇಲ್ಲಿ ನಾವು ಎಂದರೆ ಇದನ್ನು ಬರೆಯುತ್ತಿರುವವನು ಒಬ್ಬನೇ. ದಖನಿಯಲ್ಲಿ 'ಹಮ್' ಎನ್ನುತ್ತಾ ಬೆಳೆದವನಿಗೆ ಕನ್ನಡದಲ್ಲಿ 'ನಾನು' ಎಂದು ಬರೆಯುವಾಗ ಈಗಲೂ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.

ಅಬ್ಬಾ ದಾವಣಗೆರೆಯಲ್ಲಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ರಾತ್ರಿ ಇಶಾ ನಮಾಜ್ ಮುಗಿಸಿ ಬಂದ ಮೇಲೆ ಎಲ್ಲರೂ ಒಟ್ಟಿಗೆ ದಸ್ತರ್‌ಖಾನಿನ ಸುತ್ತ ಕೂರುತ್ತಿದ್ದೆವು. ನಮ್ಮ ಕೈ ತನ್ನಷ್ಟಕ್ಕೆ ತಟ್ಟೆಯ ಕಡೆ ಹೋಗುತ್ತಿತ್ತು. ಹೋಗುತ್ತಿದ್ದುದು ಎಡಗೈ. "ಸೀದೆ ಹಾತ್ ಸೇ ಖಾ ರೇ. ಉಲ್ಟೆ ಹಾತ್ ಸೇ ನಕ್ಕೋ" ಎಂದು ಅಬ್ಬಾ ಗದರುತ್ತಿದ್ದರು. ಗದರಿಕೆಯಿಂದ ಕೆಲಸವಾಗದಿದ್ದಾಗ ಒಂದು ಉಪಾಯ ಮಾಡಿದರು. ಥಾನಿನ ಅಂಚಿನಿಂದ ಕತ್ತರಿಸಿ ಉಳಿದ ಪಟ್ಟಿಯೊಂದನ್ನು ತಂದು ಊಟದ ಹೊತ್ತಿಗೆ ನಮ್ಮ ಎಡಗೈಯನ್ನು ಸೊಂಟಕ್ಕೆ ಕಟ್ಟಿಬಿಡುತ್ತಿದ್ದರು. ಗಂಟು ಬಿಗಿಯಾಗಿರುತ್ತಿರಲಿಲ್ಲ, ನೋವೂ ಆಗುತ್ತಿರಲಿಲ್ಲ. ಆದರೆ ಭಾಯ್ ಮತ್ತು ಆಪಾ ನಗುತ್ತಿದ್ದರು. ಅಮ್ಮಾ ಮಾತ್ರ ನಗದೆ ನಮ್ಮ ತಟ್ಟೆಯಲ್ಲಿ ರೊಟ್ಟಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಹಾಕುತ್ತಿದ್ದರು.

ಅಬ್ಬಾ ಕ್ರೂರಿಯಲ್ಲ ಎಂದು ಹೇಳಲೇಬೇಕು. ಅವರಿಗೆ ಭಯವಿತ್ತು. ಬಲಗೈಯಿಂದ ಉಣ್ಣುವುದು ಪ್ರವಾದಿಯವರು ಮಕ್ಕಳಿಗೆ ಕಲಿಸಿದ ಶಿಸ್ತು. ಖಿಯಾಮತ್ತಿನ ದಿನ ಪುಣ್ಯವಂತರಿಗೆ ಅವರ ಕರ್ಮಗಳ ಪುಸ್ತಕವನ್ನು ಬಲಗೈಗೆ ಕೊಡಲಾಗುವುದು ಎಂಬುದು ನಾವೆಲ್ಲ ಕೇಳಿ ಬೆಳೆದ ಮಾತು. "ನಿನ್ನ ಸೀದಾ ಕೈಗೆ ಅಭ್ಯಾಸವೇ ಇಲ್ಲದಿದ್ದರೆ ಆ ದಿನ ಯಾವ ಕೈ ಚಾಚುತ್ತೀಯ?" ಎಂದು ಅವರು ಕೇಳುತ್ತಿದ್ದರು. ಆರು ವರ್ಷದ ಹುಡುಗನಿಗೆ ಆ ಪ್ರಶ್ನೆ ಸಾಕಾಗಿತ್ತು. ರಾತ್ರಿ ಹಾಸಿಗೆಯಲ್ಲಿ ಬಲಗೈ ಚಾಚಿ ಚಾಚಿ ಅಭ್ಯಾಸ ಮಾಡಿದ್ದು ನೆನಪಿದೆ.

ಶಾಲೆಯಲ್ಲೂ ಇದೇ ಕಥೆ. ಪ್ರೈಮರಿ ಓದಿದ್ದು ಸರ್ಕಾರಿ ಉರ್ದು ಶಾಲೆಯಲ್ಲಿ, ಹೈಸ್ಕೂಲಿಗೆ ಹೋಗಿದ್ದು ಕನ್ನಡ ಮಾಧ್ಯಮಕ್ಕೆ. ಎಡಗೈಯಲ್ಲಿ ಬಳಪ ಹಿಡಿದರೆ ಉಸ್ತಾದರ ರೂಲುದೊಣ್ಣೆ ಗೆಣ್ಣಿನ ಮೇಲೆ ಬೀಳುತ್ತಿತ್ತು. ತಮಾಷೆಯೆಂದರೆ ಎಡಚನಿಗೆ ಉರ್ದು ಹೇಳಿ ಮಾಡಿಸಿದ ಬರವಣಿಗೆ. ಅದು ಬಲದಿಂದ ಎಡಕ್ಕೆ ಸಾಗುತ್ತದೆ. ಎಡಗೈ ಖಾಲಿ ಹಾಳೆಯ ಮೇಲೆ ಇರುತ್ತದೆ, ಹಸಿ ಮಸಿಯನ್ನು ಮುಟ್ಟುವುದಿಲ್ಲ. ಕನ್ನಡ ಬರೆದರೆ ಅದೇ ಎಡಗೈ ಬರೆದ ಸಾಲಿನ ಮೇಲೆ ಹಾದು ಅಕ್ಷರಗಳನ್ನೆಲ್ಲ ಒರೆಸಿಹಾಕುತ್ತದೆ. ಅಂದರೆ ನಮ್ಮ ಎಡಗೈಗೆ ಅನುಕೂಲವಾಗಿದ್ದ ಭಾಷೆಯ ತರಗತಿಯಲ್ಲೇ ಅದಕ್ಕೆ ಏಟು ಬಿತ್ತು. ಕನ್ನಡಕ್ಕೆ ಬರುವ ಹೊತ್ತಿಗೆ ನಾವು ಬಲಗೈಗೆ ಪಳಗಿ ಆಗಿತ್ತು. ಇಂದಿಗೂ ಬರೆಯುವುದು ಬಲಗೈ. ಬೀಗ ತೆಗೆಯುವುದು, ಹಲ್ಲುಜ್ಜುವುದು, ಕಲ್ಲು ಹೊಡೆದು ಮಾವಿನಕಾಯಿ ಬೀಳಿಸುವುದು ಎಡಗೈ.

*

ದೊಡ್ಡವರಾದ ಮೇಲೆ, ಕಥೆ ಬರೆಯುವ ಹುಚ್ಚು ಹತ್ತಿದ ಮೇಲೆ, ಈ ಮಾತುಗಳ ಬೆನ್ನು ಹತ್ತಿದೆವು. ಕನ್ನಡ ನಮ್ಮ ಅಬ್ಬಾರಿಗಿಂತ ಕಡಿಮೆಯೇನಲ್ಲ. ಬಲ ಎಂದರೆ ಒಂದು ದಿಕ್ಕೂ ಹೌದು, ಶಕ್ತಿಯೂ ಹೌದು. ಎಡಗೈಯವನಿಗೆ ನಮ್ಮ ಭಾಷೆ ದಿಕ್ಕನ್ನೇನೋ ಕೊಟ್ಟಿದೆ, ಬಲವನ್ನು ಕೊಟ್ಟಿಲ್ಲ. ಸಂಸ್ಕೃತದಲ್ಲಿ ಬಲಕ್ಕೆ ದಕ್ಷಿಣ. ಮೂಡಣಕ್ಕೆ ಮುಖ ಮಾಡಿ ನಿಂತವನ ಬಲಗಡೆ ಇರುವುದರಿಂದ ಆ ದಿಕ್ಕಿಗೂ ದಕ್ಷಿಣವೆಂದೇ ಹೆಸರಾಯಿತು. ಅರಬ್ಬಿಯಲ್ಲೂ ಇದೇ ಲೆಕ್ಕ. ಬಲಕ್ಕೆ 'ಯಮೀನ್'. ಮೂಡಣಕ್ಕೆ ಮುಖ ಮಾಡಿ ನಿಂತ ಅರಬನ ಬಲಕ್ಕಿರುವ ನಾಡು ಯಮನ್, ಎಡಕ್ಕಿರುವ ನಾಡು ಶಾಮ್, ಅಂದರೆ ಸಿರಿಯಾದ ಕಡೆ. ಆಣೆ ಪ್ರಮಾಣಕ್ಕೂ ಯಮೀನ್ ಎಂದೇ ಹೆಸರು. ಒಬ್ಬರನ್ನೊಬ್ಬರು ನೋಡದ ಎರಡು ಜನಾಂಗಗಳು ಸೂರ್ಯನ ಕಡೆ ಮುಖ ಮಾಡಿ ನಿಂತು ತಮ್ಮ ಬಲಗೈಯ ಹೆಸರನ್ನೇ ತೆಂಕಣಕ್ಕೆ ಇಟ್ಟವು.

ಇನ್ನೊಂದು ಮೋಜು ಕೇಳಿ. ಆ ದಕ್ಷಿಣ ಎಂಬ ಮಾತೇ ಸವೆದು ದಖ್ಖನ್ ಆಯಿತು, ದಖ್ಖನ್ನಿನ ಮಾತು ದಖನಿ ಆಯಿತು. ಎಂದರೆ ನಮ್ಮನ್ನು "ಉಲ್ಟೆ ಹಾತ್ ಸೇ ನಕ್ಕೋ" ಎಂದು ಗದರಿದ ಮಾತಿನ ಹೆಸರಲ್ಲೇ ಬಲಗೈ ಇತ್ತು. ತಾಯ್ನುಡಿಯೇ ಬಲಗೈಯದಾದರೆ ಎಡಚನಿಗೆ ಎಲ್ಲಿ ಜಾಗ ಎಂದು ಒಮ್ಮೆ ನಕ್ಕಿದ್ದೆವು.

ಆದರೆ ಎಡಕ್ಕೆ ಹಿರಿಯರು ಬರೀ ಕೆಟ್ಟ ಹೆಸರನ್ನೇ ಇಟ್ಟಿಲ್ಲ. ಅರಬ್ಬಿಯಲ್ಲಿ ಎಡಕ್ಕೆ 'ಯಸಾರ್' ಎಂಬ ಇನ್ನೊಂದು ಪದವಿದೆ. ಅದಕ್ಕೆ ಸುಲಭ, ಸಮೃದ್ಧಿ ಎಂಬ ಅರ್ಥವೂ ಉಂಟು. ಉರ್ದುವಿನಲ್ಲಿ 'ಯಮೀನ್ ಓ ಯಸಾರ್' ಎಂದರೆ ಎಡಬಲ. ಸಂಸ್ಕೃತದ 'ವಾಮ' ಎಂದರೆ ಎಡ, ಅದೇ ಪದಕ್ಕೆ ಚೆಲುವು ಎಂಬ ಅರ್ಥವೂ ಇದೆ. ಅಂಜಿಕೆಯಿಂದಲೋ ಕನಿಕರದಿಂದಲೋ ನಮ್ಮ ಕಡೆಗೆ ಒಂದೆರಡು ಒಳ್ಳೆಯ ಮಾತು ಬಿದ್ದಿವೆ. ಲ್ಯಾಟಿನ್ ಮಾತ್ರ ಕರುಣೆ ತೋರಿಲ್ಲ. ಅಲ್ಲಿ ಬಲ 'ಡೆಕ್ಸ್‌ಟರ್', ಎಡ 'ಸಿನಿಸ್ಟರ್'. ಮೊದಲನೆಯದರಿಂದ ಇಂಗ್ಲಿಷಿಗೆ ಕೈಚಳಕದ ಮಾತು ಬಂತು, ಎರಡನೆಯದು ಕೇಡಿನ ಮಾತಾಯಿತು. ಕಣ್ಣಿನ ಡಾಕ್ಟರು ಕೊಡುವ ಚೀಟಿಯಲ್ಲಿ ಒ.ಡಿ., ಒ.ಎಸ್. ಎಂದು ಬರೆದಿರುತ್ತದಲ್ಲ, ಅವು ಇದೇ ಲ್ಯಾಟಿನ್ನಿನ ಬಲಗಣ್ಣು, ಎಡಗಣ್ಣು. ರೋಗಿಯ ನರಕ್ಕೆ ಏರಿಸುವ ಡೆಕ್ಸ್‌ಟ್ರೋಸ್ ಬಾಟಲಿಯ ಹೆಸರಲ್ಲೂ ಬಲವಿದೆ. ಆ ಸಕ್ಕರೆಯ ದ್ರಾವಣದೊಳಗೆ ಹಾಯಿಸಿದ ಧ್ರುವೀಕೃತ ಬೆಳಕು ಬಲಕ್ಕೆ ಹೊರಳುತ್ತದೆ, ಅದಕ್ಕೇ ಆ ಹೆಸರು.

*

ಸೀದಾ, ಉಲ್ಟಾ ಎಂಬ ಮಾತುಗಳಿಗೆ ಅಬ್ಬಾರ ಅಂಗಡಿಯಲ್ಲಿ ಬೇರೆಯೇ ಕೆಲಸವಿತ್ತು. ಬಟ್ಟೆಗೂ ಸೀದಾ ಮಗ್ಗುಲು, ಉಲ್ಟಾ ಮಗ್ಗುಲು ಇರುತ್ತದೆ. ನಾಲ್ಕು ಜನರಿಗೆ ಕಾಣುವುದು ಸೀದಾ, ಮೈಗೆ ತಾಗುವುದು ಉಲ್ಟಾ. ಉಲ್ಟಾ ಇಲ್ಲದ ಬಟ್ಟೆ ಇಲ್ಲ. ಹೊಲಿಗೆಯನ್ನೆಲ್ಲ ಉಲ್ಟಾ ಮಗ್ಗುಲಿನಲ್ಲೇ ಹಾಕಬೇಕು, ಆಮೇಲೆ ತಿರುವಬೇಕು.

ಏಳನೇ ತರಗತಿಯ ಬೇಸಿಗೆ ರಜೆಯಲ್ಲಿ ನಮ್ಮನ್ನು ಅಂಗಡಿಯಲ್ಲಿ ಕೂರಿಸಿದರು. ಮೊದಮೊದಲು ಗುಂಡಿ ಹಾಕುವುದು, ಕಾಜಾ ಮಾಡುವುದು. ಒಂದು ದಿನ ಮೇಷ್ಟರೊಬ್ಬರ ಅಂಗಿಗೆ ಜೇಬಿನ ಗುರುತು ಹಾಕಲು ಹೇಳಿದರು. ಕತ್ತರಿಸಿದ ಮುಂಭಾಗದ ಎರಡು ಹೋಳುಗಳು ಮೇಜಿನ ಮೇಲೆ ಸೀದಾ ಮಗ್ಗುಲು ಮೇಲಾಗಿ ಬಿದ್ದಿದ್ದವು. ಜೇಬು ಎಡಕ್ಕೆ ಎಂಬುದು ಗೊತ್ತಿತ್ತು. ನಮ್ಮ ಎಡಕ್ಕಿದ್ದ ಹೋಳಿನ ಮೇಲೆ ಚಾಕಿನಿಂದ ಗುರುತು ಹಾಕಿದೆವು. ಭಾಯ್ ನೋಡದೆ ಜೇಬು ಹೊಲಿದುಬಿಟ್ಟ. ಗುಂಡಿ ಹಾಕುವಾಗ ಗೊತ್ತಾಯಿತು, ಮೇಷ್ಟರ ಜೇಬು ಬಲಗಡೆ ಕೂತಿತ್ತು.

ಅಬ್ಬಾ ಹೊಡೆಯಲಿಲ್ಲ. ಜೇಬನ್ನು ಬಿಚ್ಚುತ್ತಾ ಹೇಳಿದರು: "ಅಂಗಿ ತೊಡುವವನು ನೀನಾ, ಗಿರಾಕಿಯಾ? ಅವನ ಎಡ ನೋಡು. ನಿನ್ನ ಎಡಬಲ ನಿನ್ನ ಮನೆಯಲ್ಲಿಟ್ಟು ಬಾ." ಗಂಡಸರ ಅಂಗಿಯಲ್ಲಿ ಗುಂಡಿ ಬಲಕ್ಕೆ, ಕಾಜಾ ಎಡಕ್ಕೆ. ಹೆಂಗಸರ ಕುಪ್ಪಸ, ಶರಟುಗಳಲ್ಲಿ ಸಾಮಾನ್ಯವಾಗಿ ಅದರ ತಿರುಗ. ಅದೆಲ್ಲ ತೊಟ್ಟವರ ಬಲ, ತೊಟ್ಟವರ ಎಡ. ನೋಡುವವರದ್ದಲ್ಲ. ಅಬ್ಬಾ ನಮಗೆ ಕಲಿಸಿದ ದರ್ಜಿ ಪಾಠಗಳಲ್ಲಿ ಮರೆಯದೆ ಉಳಿದಿರುವುದು ಇದೊಂದೇ.

ಯಾಕೆಂದರೆ ಕತ್ತರಿ ಹಿಡಿಯುವ ಹೊತ್ತಿಗೆ ನಮ್ಮ ದರ್ಜಿಗಿರಿ ಮುಗಿಯಿತು. ಅಬ್ಬಾರ ದೊಡ್ಡ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬಟ್ಟೆ ಕತ್ತರಿಸುವ ಬದಲು ಎರಡು ಅಲಗುಗಳ ನಡುವೆ ಮಡಚಿಕೊಂಡು ಕೂರುತ್ತಿತ್ತು. ಬಲಗೈಯಲ್ಲಿ ಹಿಡಿದರೆ ಗೆರೆ ಸೊಟ್ಟ. ಎರಡು ಮೀಟರು ಟೆರಿಕಾಟ್ ಹಾಳು ಮಾಡಿದ ದಿನ ಅಬ್ಬಾ ಕತ್ತರಿ ಕಿತ್ತುಕೊಂಡು, "ನಿನ್ನ ಕೈಯೇ ಉಲ್ಟಾ. ನೀನು ಓದು ಹೋಗು" ಎಂದರು. ಅಂಗಡಿ ಭಾಯ್‌ಗೆ ಹೋಯಿತು. ನಾವು ಓದಿದೆವು, ನೌಕರಿ ಹಿಡಿದೆವು, ಕಥೆ ಬರೆದೆವು. ಲೋಕದ ಕಣ್ಣಿಗೆ ನಮ್ಮದು ಮೇಲಾಗಿದ್ದೇ ಆಯಿತು. ಆದರೆ ಅಬ್ಬಾರ ಆ ಮಾತು ನಲವತ್ತು ದಾಟಿದ ಮೇಲೂ ಒಳಗೆ ಎಲ್ಲೋ ಮುಳ್ಳಿನಂತೆ ಇತ್ತು.

*

ಯಾರ ಬಲ, ಯಾರ ಎಡ ಎಂಬ ಅಬ್ಬಾರ ಪ್ರಶ್ನೆಯನ್ನು ಹಿಡಿದು ಹೊರಟರೆ ಬಹಳ ಕಡೆ ಹೋಗಬಹುದು. ನಮ್ಮ ದಾವಣಗೆರೆ ಕಡೆಯ ಗದ್ದೆಗಳಿಗೆ ನೀರು ಬರುವುದು ಭದ್ರಾ ಬಲದಂಡೆ ನಾಲೆಯಿಂದ. ಅದು ಯಾರ ಬಲ? ದಡದಲ್ಲಿ ನಿಂತ ನಮ್ಮದಲ್ಲ, ನದಿಯದು. ನೀರು ಹರಿಯುವ ಕಡೆ ಮುಖ ಮಾಡಿದರೆ ಯಾವುದು ಬಲವೋ ಅದು ಬಲದಂಡೆ. ರಾಜಕೀಯದ ಬಲಪಂಥ, ಎಡಪಂಥಗಳು 1789ರ ಫ್ರಾನ್ಸಿನ ಸಭೆಯಿಂದ ಬಂದವು. ಅಲ್ಲಿ ಅಧ್ಯಕ್ಷರ ಕುರ್ಚಿಯ ಬಲಕ್ಕೆ ರಾಜನ ಕಡೆಯವರು, ಎಡಕ್ಕೆ ಬದಲಾವಣೆ ಬೇಕೆಂದವರು ಕೂತರು. ನಮ್ಮ ಲೋಕಸಭೆಯಲ್ಲೂ ಸ್ಪೀಕರ್ ಅವರ ಬಲಕ್ಕೆ ಆಡಳಿತ ಪಕ್ಷ. ಎದುರಿಗೆ ಕೂತು ನೋಡುವವನಿಗೆ ಅದು ಎಡ.

ದೇವಾಲಯದ ಪ್ರದಕ್ಷಿಣೆಯಲ್ಲಿ ದೇವರು ಭಕ್ತನ ಬಲಕ್ಕಿರಬೇಕು. ಮಕ್ಕಾದ ತವಾಫ್‌ನಲ್ಲಿ ಕಾಬಾ ಯಾತ್ರಿಯ ಎಡಕ್ಕಿರುತ್ತದೆ. ಬಲಗಾಲಿಟ್ಟು ಮಸೀದಿಗೆ ಹೋಗುವ, ಬಲಗಾಲಿಟ್ಟು ಮನೆ ತುಂಬುವ ಇಬ್ಬರೂ ತಮ್ಮ ಪವಿತ್ರ ಜಾಗವನ್ನು ಸುತ್ತುವಾಗ ಎದುರು ಬದುರು ದಿಕ್ಕಿನಲ್ಲಿ ಸುತ್ತುತ್ತಾರೆ. ಇಬ್ಬರಿಗೂ ಅದು ಸರಿಯಾದ ದಿಕ್ಕೇ.

ಮನುಷ್ಯರನ್ನೇ ಬಲಗೈ, ಎಡಗೈ ಎಂದು ಹಂಚಿದ್ದೂ ಉಂಟು. ದಕ್ಷಿಣ ಭಾರತದಲ್ಲಿ ಈ ಹಂಚಿಕೆ ಚೋಳರ ಕಾಲದ ಶಾಸನಗಳಲ್ಲೇ ಇದೆ. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳಲ್ಲಿ ಬಲಗೈ ಸಮುದಾಯ, ಎಡಗೈ ಸಮುದಾಯ ಎಂಬ ಹೆಸರುಗಳು ಇಂದಿಗೂ ಇವೆ. ಒಳಮೀಸಲಾತಿಗಾಗಿ ನಡೆದ ದೀರ್ಘ ಹೋರಾಟ, 2012ರಲ್ಲಿ ಸಲ್ಲಿಕೆಯಾದ ನ್ಯಾಯಮೂರ್ತಿ ಸದಾಶಿವ ಆಯೋಗದ ವರದಿ, ಒಳವರ್ಗೀಕರಣಕ್ಕೆ ದಾರಿ ಮಾಡಿಕೊಟ್ಟ 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಇವುಗಳ ಸುದ್ದಿಯನ್ನು ಓದುವಾಗಲೆಲ್ಲ ನಮಗೆ ಅಬ್ಬಾರ ಪಟ್ಟಿಯ ಗಂಟು ನೆನಪಾಗುತ್ತದೆ. ನಮ್ಮದು ಊಟದ ಹೊತ್ತಿನ ಗಂಟು, ಅವರದು ಶತಮಾನಗಳದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಎಡ ಎಂಬ ಹೆಸರನ್ನು ಹೊತ್ತವನಿಗೆ ಆ ಹೆಸರು ಇಟ್ಟವನು ಎಲ್ಲಿ ನಿಂತಿದ್ದ ಎಂದು ಕೇಳುವ ಹಕ್ಕಿದೆ.

*

2014ರ ನವೆಂಬರಿನ ಒಂದು ಸಂಜೆ. ಅಸರ್ ನಮಾಜ್ ಆಗಿತ್ತು. ರಜೆಯ ಮೇಲೆ ಊರಿಗೆ ಬಂದಿದ್ದ ನಾವು ಅಂಗಡಿಯಲ್ಲೇ ಕೂತು ಪೇಪರು ಓದುತ್ತಿದ್ದೆವು. ಅರವತ್ತೆಂಟು ದಾಟಿದ್ದರೂ ಅಬ್ಬಾ ಕತ್ತರಿಸುವ ಕೆಲಸವನ್ನು ಭಾಯ್‌ಗೆ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಕತ್ತರಿ ಅವರ ಕೈಯಿಂದ ಜಾರಿ ಕೆಳಗೆ ಬಿತ್ತು. ಎತ್ತಿಕೊಟ್ಟೆವು. ಮತ್ತೆ ಬಿತ್ತು. ಏನೋ ಹೇಳಲು ಹೋದರು, ಮಾತು ತೊದಲಿತು. ಕೋಪ ಬಂದಿದೆ ಎಂದುಕೊಂಡೆವು. ಕೈ ಜೋಮು ಹಿಡಿದಿರಬೇಕು, ಇಡೀ ದಿನ ಕತ್ತರಿ ಹಿಡಿದವರಿಗೆ ಇದೆಲ್ಲ ಇದ್ದದ್ದೇ ಎಂದು ಭಾಯ್ ಎಣ್ಣೆ ಹಚ್ಚಿ ತಿಕ್ಕಿದ. ಅಮ್ಮಾ ಬಿಸಿ ಹಾಲು ಕೊಟ್ಟರು. ಮಲಗಿದರು. ಫಜರ್‌ಗೆ ಎಬ್ಬಿಸಲು ಹೋದಾಗ ಬಲಗೈ, ಬಲಗಾಲು ಎರಡೂ ಅವರ ಮಾತು ಕೇಳುತ್ತಿರಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಆಸ್ಪತ್ರೆ ಮುಟ್ಟಿದಾಗ ಬೆಳಿಗ್ಗೆ ಎಂಟೂವರೆ. ಎಳೆಯ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: "ಯಾವಾಗ ಶುರುವಾಯಿತು?" ನಿನ್ನೆ ಸಂಜೆ ಎಂದೆವು. ಆಕೆ ಬೈಯಲಿಲ್ಲ. ಕೈಗಡಿಯಾರ ನೋಡಿ ಸುಮ್ಮನಾದರು. ರಕ್ತ ಹೆಪ್ಪುಗಟ್ಟಿ ಆಗುವ ಇಂಥ ಆಘಾತಕ್ಕೆ ಆ ಗಡ್ಡೆಯನ್ನು ಕರಗಿಸುವ ಔಷಧಿ ಇದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದು ನಮಗೆ ತಿಳಿದದ್ದು ಆಮೇಲೆ. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬಾರದು ಎಂಬುದೂ ಆಮೇಲೆ ತಿಳಿಯಿತು. ಈ ಮೂರರಲ್ಲಿ ಎರಡನ್ನು ನಾವು ಕಣ್ಣಾರೆ ಕಂಡಿದ್ದೆವು, ಕಿವಿಯಾರೆ ಕೇಳಿದ್ದೆವು. ಪೇಪರು ಮಡಚಿಟ್ಟು ಎದ್ದಿದ್ದರೆ ಸಾಕಿತ್ತು. ಈ ಲೇಖನ ಓದುವವರಲ್ಲಿ ಒಬ್ಬರಾದರೂ ಮುಂದೆ ಪೇಪರು ಮಡಚಿಟ್ಟು ಎದ್ದರೆ ಬರೆದದ್ದಕ್ಕೆ ಅರ್ಥ ಬಂತು.

ಮಧ್ಯಾಹ್ನ ಸ್ಕ್ಯಾನಿನ ರಿಪೋರ್ಟು ಬಂತು. ಮೆದುಳಿನ ಎಡಭಾಗ ಎಂದು ಬರೆದಿತ್ತು. ಭಾಯ್ ಕೆರಳಿಬಿಟ್ಟ. "ನಮ್ಮ ಅಬ್ಬಾರಿಗೆ ಹೋಗಿರೋದು ಬಲಗಡೆ. ಇದು ಬೇರೆ ಯಾರದೋ ರಿಪೋರ್ಟು!" ಎಂದು ಸ್ಕ್ಯಾನ್ ಮಾಡುವ ಹುಡುಗನ ಕೊರಳಪಟ್ಟಿಗೇ ಕೈ ಹಾಕಿದ. ಓದಿದ ತಮ್ಮನೆಂದು ನಮ್ಮನ್ನು ಕರೆದ. ನಾವು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದೆವು. ಕಲೆ ಇದ್ದದ್ದು ಚಿತ್ರದ ಬಲಗಡೆ. ಈಗ ನಮಗೂ ಗೊಂದಲ. ಬರೆದಿರುವುದು ಎಡ, ಚಿತ್ರದಲ್ಲಿರುವುದು ಬಲ, ಬಿದ್ದಿರುವುದು ಅಬ್ಬಾರ ಬಲಗೈ.

ಡಾಕ್ಟರಮ್ಮ ಬಂದು ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದರು. ಮೆದುಳಿನಿಂದ ಇಳಿಯುವ ನರತಂತುಗಳಲ್ಲಿ ಬಹುಪಾಲು ಕತ್ತಿನ ಮೇಲೆ, ಮೆದುಳಿನ ಬುಡದಲ್ಲಿ, ಆಚೆಯವು ಈಚೆಗೆ ಈಚೆಯವು ಆಚೆಗೆ ದಾಟುತ್ತವೆ. ಹಾಗಾಗಿ ಬಲಗೈಯ ಯಜಮಾನಿಕೆ ಎಡಮೆದುಳಿನದು. ಇನ್ನು ಫಿಲ್ಮು. ಅದರಲ್ಲಿ ಎಡಬಲ ನೋಡುವವರದಲ್ಲ, ರೋಗಿಯದು. ಕಾಲಿನ ಕಡೆ ನಿಂತು ರೋಗಿಯನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ ಎಂದರು. "ವೈದ್ಯಶಾಸ್ತ್ರದಲ್ಲಿ ಬಲ ಎಂದರೆ ಯಾವಾಗಲೂ ರೋಗಿಯ ಬಲ."

ಮೇಷ್ಟರ ಅಂಗಿಯ ಜೇಬು ನೆನಪಾಯಿತು. ಭಾಯ್ ಕೂಡ ನಮ್ಮ ಮುಖ ನೋಡಿದ. ಅವನಿಗೂ ನೆನಪಾಗಿತ್ತು. ಎದ್ದು ಹೋಗಿ ಸ್ಕ್ಯಾನಿನ ಹುಡುಗನ ಕೈ ಹಿಡಿದು ಮಾಫ್ ಕೇಳಿ ಬಂದ.

ಆ ಹನ್ನೊಂದು ದಿನ ವಾರ್ಡಿನಲ್ಲಿ ಕೂತು ಬಲಗಡೆಯ ಬಗ್ಗೆ ಕಲಿತದ್ದು ಹೈಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಬಾಯಿಂದ ನೀರು ಕೊಡಬೇಡಿ ಎಂದು ನರ್ಸಮ್ಮ ಕಟ್ಟುನಿಟ್ಟು ಮಾಡಿದ್ದರು. ನುಂಗುವ ಶಕ್ತಿ ಕುಂದಿದವರಿಗೆ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ಹೋದರೆ ಹೆಚ್ಚಾಗಿ ಬಲ ಶ್ವಾಸಕೋಶಕ್ಕೇ ಹೋಗುತ್ತದೆ. ಯಾಕೆಂದರೆ ಆ ಕಡೆಯ ಕೊಳವೆ ಅಗಲ, ಗಿಡ್ಡ, ನೆಟ್ಟಗೆ ಇಳಿದಿರುತ್ತದೆ. ಮಕ್ಕಳು ನುಂಗಿದ ಶೇಂಗಾಬೀಜ ಹೋಗಿ ಸಿಕ್ಕಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ. ಬಲ ಶ್ವಾಸಕೋಶಕ್ಕೆ ಮೂರು ಪಾಲು, ಹೃದಯಕ್ಕೆ ಜಾಗ ಬಿಟ್ಟ ಎಡಕ್ಕೆ ಎರಡು. ಪಿತ್ತಜನಕಾಂಗ ಬಲಗಡೆ ದೊಡ್ಡದಾಗಿ ಕೂತಿರುವುದರಿಂದ ಬಲ ಮೂತ್ರಪಿಂಡ ಸ್ವಲ್ಪ ಕೆಳಗಿರುತ್ತದೆ. ಅಪೆಂಡಿಕ್ಸ್ ನೋವು ಕೊನೆಗೆ ಬಂದು ನಿಲ್ಲುವುದು ಹೊಟ್ಟೆಯ ಬಲ ಕೆಳಮೂಲೆಯಲ್ಲಿ. ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿ ಇದೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಗುಂಡಿಗೆ ಬಲಕ್ಕೆ, ಪಿತ್ತಜನಕಾಂಗ ಎಡಕ್ಕೆ. ಅವರಲ್ಲಿ ಬಹಳ ಮಂದಿ ಯಾವ ತೊಂದರೆಯೂ ಇಲ್ಲದೆ ಬಾಳಿ ಹೋಗುತ್ತಾರೆ. ಮೈಯೊಳಗೇ ಉಲ್ಟಾ ಇರುವವರನ್ನು ಅಲ್ಲಾಹನು ನಡೆಸುತ್ತಿರುವಾಗ ಒಂದು ಕೈಯ ಮಾತೇನು ಎಂದು ಆ ವಾರ್ಡಿನಲ್ಲಿ ಕೂತು ಅನ್ನಿಸಿತ್ತು.

ಪಕ್ಕದ ಮಂಚದವರ ಮಂಡಿಗೆ ಆಪರೇಷನ್ ಇತ್ತು. ಹಿಂದಿನ ದಿನವೇ ಡಾಕ್ಟರು ಬಂದು ಯಾವ ಕಾಲು ಎಂದು ಅವರನ್ನೇ ಕೇಳಿ ಆ ಕಾಲಿನ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ತಪ್ಪು ಬದಿಗೆ ಕತ್ತರಿ ಹಾಕಿದ ಪ್ರಸಂಗಗಳು ಲೋಕದಲ್ಲಿ ನಡೆದಿರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರಡಿಸಿದ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಈ ಗುರುತೂ ಒಂದು. ಅಬ್ಬಾರ ಚಾಕಿನ ಗುರುತಿಗೂ ಅದಕ್ಕೂ ವ್ಯತ್ಯಾಸ ಒಂದೇ. ಜೇಬನ್ನು ಬಿಚ್ಚಿ ಹೊಲಿಯಬಹುದು.

*

ಈ ಕಾಯಿಲೆಗೆ ಉರ್ದುವಿನಲ್ಲಿ ಫಾಲಿಜ್. ಇಬ್ಭಾಗವಾಗಿ ಸೀಳುವುದು ಎಂಬ ಅರಬ್ಬಿ ಧಾತುವಿನಿಂದ ಬಂದ ಪದ. ಕನ್ನಡದಲ್ಲಿ ಪಾರ್ಶ್ವವಾಯು. ಜನ ಲಕ್ವಾ ಹೊಡೆಯಿತು ಎನ್ನುತ್ತಾರೆ. ಅಬ್ಬಾರನ್ನು ಅದು ಸೀಳಿದ್ದು ಬಲಗಡೆ ಮಾತ್ರವಲ್ಲ. ಬಹುತೇಕ ಜನರಲ್ಲಿ ಮಾತು ಇರುವುದೂ ಎಡಮೆದುಳಿನಲ್ಲೇ. ಎಡಚರಲ್ಲೂ ಹೆಚ್ಚಿನವರಿಗೆ ಹಾಗೆಯೇ. 1860ರ ದಶಕದಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯರು ಮಾತು ಹೋದ ರೋಗಿಗಳ ಮೆದುಳನ್ನು ಅವರ ಸಾವಿನ ನಂತರ ಪರೀಕ್ಷಿಸಿ ಇದನ್ನು ಕಂಡುಕೊಂಡರು. ಅವರ ಮೊದಲ ರೋಗಿಯ ಬಾಯಲ್ಲಿ 'ಟ್ಯಾನ್' ಎಂಬ ಒಂದೇ ಶಬ್ದ ಉಳಿದಿತ್ತಂತೆ. ನಮ್ಮ ಅಬ್ಬಾರ ಬಾಯಲ್ಲಿ ಉಳಿದದ್ದು ನಕ್ಕೋ, ಉಲ್ಟಾ, ಇನ್ನೊಂದೆರಡು ಮಾತು. ನೀರು ಬೇಕು ಎನ್ನಲು ಬರುತ್ತಿರಲಿಲ್ಲ. ಆದರೆ ನಮಾಜಿಗೆ ಕೂರಿಸಿದರೆ ಅಲ್‌ಹಮ್ದು ಸೂರಾ ಒಂದು ಅಕ್ಷರ ತಪ್ಪದೆ ಬರುತ್ತಿತ್ತು. ಬಾಯಿಪಾಠವಾಗಿ ಹರಿಯುವ ಮಾತು ಹೀಗೆ ಉಳಿಯುವುದುಂಟು ಎಂದು ಡಾಕ್ಟರಮ್ಮ ಹೇಳಿದರು. ಅಮ್ಮಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ಅವರಿಗೆ ಅದು ರಹಮತ್.

ಮನೆಗೆ ಬಂದ ಮೇಲೆ ಅಬ್ಬಾ ಊಟ ಬಿಟ್ಟರು. ತಿನ್ನಿಸಿದರೆ ಬಾಯಿ ಬಿಗಿ ಹಿಡಿಯುತ್ತಿದ್ದರು. ಎಡಗೈಗೆ ಚಮಚ ಕೊಟ್ಟರೆ "ನಕ್ಕೋ" ಎಂದು ತಳ್ಳುತ್ತಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ತಟ್ಟೆಯ ಪಕ್ಕ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂರುತ್ತಿದ್ದರು. ಅತ್ತಹಿಯ್ಯಾತ್‌ನಲ್ಲಿ ಎತ್ತಬೇಕಾದ ಬೆರಳು ಏಳದಿದ್ದಾಗ ಕಣ್ಣೀರು ಬರುತ್ತಿತ್ತು. ಆ ದಿನ ಯಾವ ಕೈ ಚಾಚುತ್ತೀಯ ಎಂಬ ಪ್ರಶ್ನೆ ಈಗ ಅವರಿಗೇ ಬಂದಿತ್ತು. ಅದನ್ನು ಆಡಲು ಮಾತಿರಲಿಲ್ಲ, ನಮಗೆ ತಿಳಿಯಲು ಮಾತು ಬೇಕಿರಲಿಲ್ಲ.

ಮೊಹಲ್ಲಾದ ಮಸೀದಿಯ ಮೌಲವಿ ಸಾಹೇಬರನ್ನು ಕರೆದುತಂದೆವು. ಅವರು ಉಪದೇಶ ಮಾಡಲಿಲ್ಲ. ಅಬ್ಬಾರ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಬಲಗೈ ಕೈಲಾಗದವನಿಗೆ ಶರೀಅತ್ತಿನಲ್ಲಿ ಎಡಗೈಗೆ ಅಡ್ಡಿಯಿಲ್ಲ, ಇದರಲ್ಲಿ ಆಲಿಮರ ನಡುವೆ ತಕರಾರಿಲ್ಲ ಎಂದರು. ಹಜರತ್ ಉಮರ್ ಎರಡೂ ಕೈಗಳಲ್ಲಿ ಒಂದೇ ಸಮ ಕೆಲಸ ಮಾಡುತ್ತಿದ್ದರೆಂದು ಹಳೆಯ ಚರಿತ್ರಕಾರರು ಬರೆದಿರುವುದನ್ನೂ ಹೇಳಿದರು. ಇದನ್ನು ಮೂವತ್ತು ವರ್ಷ ಮೊದಲು ಯಾರಾದರೂ ನಮ್ಮ ಮನೆಯಲ್ಲಿ ಹೇಳಿದ್ದರೆ ಎಂದು ನಮಗೆ ಅನ್ನಿಸದೆ ಇರಲಿಲ್ಲ.

ಆದರೂ ಅಬ್ಬಾ ಚಮಚ ಹಿಡಿದದ್ದು ಮೌಲವಿ ಸಾಹೇಬರ ಮಾತಿಗಲ್ಲ. ನಮ್ಮ ಮಗಳಿಗೆ ಆಗ ಆರು ವರ್ಷ. ಅವಳೂ ಎಡಚಿ. ರಜೆಗೆ ಊರಿಗೆ ಹೋದಾಗಲೆಲ್ಲ ಅಬ್ಬಾ ಅ‌ವಳನ್ನೂ ಗದರುತ್ತಿದ್ದರು, ನಾವು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆವು. ಅವಳು ಅವರ ಪಕ್ಕ ಕೂತು, "ದಾದಾ, ಹಾಗೆ ಅಲ್ಲ, ಹೀಗೆ" ಎಂದು ತನ್ನ ಎಡಗೈಯಲ್ಲಿ ತುತ್ತು ಎತ್ತಿ ತೋರಿಸಿದಳು. ಅಬ್ಬಾ ಬಹಳ ಹೊತ್ತು ಅವಳ ಕೈಯನ್ನೇ ನೋಡಿದರು. ಆಮೇಲೆ ಉಂಡರು. ಅರ್ಧ ಮಡಿಲಿಗೆ ಬಿತ್ತು. ಅಮ್ಮಾ ಒಳಗೆ ಹೋದರು.

ಎರಡು ವರ್ಷ ಕಳೆದ ಮೇಲೆ ಇನ್ನೊಂದು ಸಂಜೆ. ಕೋಲೂರಿಕೊಂಡು ಅಂಗಡಿಗೆ ಬರುವಷ್ಟಾಗಿದ್ದರು. ಭಾಯ್ ಹೊರಗೆ ಹೋಗಿದ್ದ. ಅಬ್ಬಾ ಮೇಜಿನ ಮೇಲಿದ್ದ ತಮ್ಮ ಹಳೆಯ ಕತ್ತರಿಯನ್ನು ಎಡಗೈಯಲ್ಲಿ ಎತ್ತಿಕೊಂಡು ಒಂದು ಚಿಂದಿಯನ್ನು ಕತ್ತರಿಸಲು ಹೋದರು. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ಹಾಗೆಯೇ. ಅವರದು ಐವತ್ತು ವರ್ಷ ಕತ್ತರಿ ಹಿಡಿದ ಕೈಯ ಬುದ್ಧಿ. ಕತ್ತರಿಯನ್ನು ತಿರುಗಿಸಿ ಅಲಗುಗಳ ಜೋಡಣೆಯನ್ನು ನೋಡಿದರು. ಬಲಗೈಯಲ್ಲಿ ಹಿಡಿದಾಗ ಬೆರಳಿನ ಒತ್ತಡ ಎರಡು ಅಲಗುಗಳನ್ನು ಒಂದಕ್ಕೊಂದು ಒತ್ತುತ್ತದೆ. ಎಡಗೈಯಲ್ಲಿ ಹಿಡಿದರೆ ಅದೇ ಒತ್ತಡ ಅವುಗಳನ್ನು ದೂರ ತಳ್ಳುತ್ತದೆ. ಎಡಚರ ಕತ್ತರಿ ಬೇರೆಯೇ ಇರುತ್ತದೆ, ಅದರ ಅಲಗುಗಳ ಜೋಡಣೆ ತಿರುಗ. ಅಂಥದ್ದೊಂದನ್ನು ನಮ್ಮ ಊರಿನಲ್ಲಿ ಆಗ ಯಾರೂ ಕಂಡಿರಲಿಲ್ಲ.

ಅಬ್ಬಾ ತಲೆಯೆತ್ತಿ ನಮ್ಮನ್ನು ನೋಡಿದರು. ನಮ್ಮ ಎಡಗೈಯನ್ನು ನೋಡಿದರು. ಕತ್ತರಿಯನ್ನು ಮೇಲೆತ್ತಿ ಹಿಡಿದು, "ಉಲ್ಟಾ" ಎಂದರು. ಕೈಗೆ ಹೇಳಿದ ಮಾತಲ್ಲ, ಕತ್ತರಿಗೆ ಹೇಳಿದ್ದು. ಮತ್ತೊಮ್ಮೆ, "ಉಲ್ಟಾ" ಎಂದು ತಲೆಯಾಡಿಸಿ ಅದನ್ನು ಕೆಳಗಿಟ್ಟರು. ನಾವು "ಹೌದು ಅಬ್ಬಾ" ಎಂದೆವು. ಅಷ್ಟೇ ಮಾತಾದದ್ದು.

*

ಅಬ್ಬಾ 2018ರ ರಂಜಾನಿಗೆ ಸ್ವಲ್ಪ ಮುಂಚೆ ತೀರಿಕೊಂಡರು. ಗುಸುಲ್ ಮಾಡಿಸಲು ಭಾಯ್, ನಾವು, ಮೊಹಲ್ಲಾದ ಹಿರಿಯರೊಬ್ಬರು ನಿಂತೆವು. ನೂರಾರು ಮಯ್ಯತ್ತುಗಳಿಗೆ ಸ್ನಾನ ಮಾಡಿಸಿದ ಅನುಭವ ಆ ಹಿರಿಯರದು. ನಮಗೆ ಅದು ಮೊದಲ ಸಲ. ಸ್ನಾನವನ್ನು ಬಲಗಡೆಯಿಂದ ಶುರು ಮಾಡುವುದು ಸುನ್ನತ್. "ಸೀದೀ ತರಫ್ ಸೇ" ಎಂದರು ಹಿರಿಯರು.

ನಾವು ಅಬ್ಬಾರ ಕಾಲಿನ ಕಡೆ ನಿಂತಿದ್ದೆವು. ಚೊಂಬು ಹಿಡಿದು ನಮ್ಮ ಬಲಕ್ಕೆ ಸರಿದೆವು. ಹಿರಿಯರು ಮೆಲ್ಲಗೆ ನಮ್ಮ ಮೊಣಕೈ ಹಿಡಿದು ತಡೆದರು.

"ತುಮಾರಾ ಸೀದಾ ನೈ ಬಾಬಾ. ಉನ್ಕಾ ಸೀದಾ."

ನಿನ್ನ ಬಲ ಅಲ್ಲಪ್ಪಾ, ಅವರ ಬಲ. ಮಂಚ ಬಳಸಿ ಆಚೆ ಹೋದೆವು. ನಾಲ್ಕು ವರ್ಷ ಸುಮ್ಮನೆ ಬಿದ್ದುಕೊಂಡಿದ್ದ ಆ ಕೈಯನ್ನು ಎತ್ತಿ ಭಾಯ್ ಹಿಡಿದುಕೊಂಡ. ನಾವು ನೀರು ಹೊಯ್ದೆವು. ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಗಡುಸು ಇನ್ನೂ ಇತ್ತು.